ಮತ್ತಾಯನ ವಂಶಾವಳಿ ಮತ್ತು ಕನ್ನಡ ನಾಡಿನ ಅನ್ವಯಗಳು

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಮೊದಲು ಸಿಗುವ ಸಿಂಗಸಂದ್ರದ ಹೆಸರಿನ ಉತ್ತರಾರ್ಧ 'ಸಮುದ್ರ' ಎಂಬುದರ ರೂಪಾಂತರ. ಕೆರೆ ಎಂದು ಅದರ ಅರ್ಥ. ಪೂರ್ವಾರ್ಧದ 'ಸಿಂಗ' ಯಾರ ಮಗ, ಯಾರ ತಂದೆ ಎಂಬುದನ್ನು ಊರಿನ ಹೆಸರು ಹೇಳುವುದಿಲ್ಲ. ಪಕ್ಕದ ಬೇಗೂರಿನ ಸ್ಥಿತಿ ಬೇರೆ. ಅಲ್ಲಿನ ನಾಗೇಶ್ವರ ದೇವಾಲಯದ ಪರಿಸರದಲ್ಲಿ ದೊರೆತ ಗಂಗರ ಕಾಲದ ಶಾಸನಗಳು ನಾಗತ್ತರನೆಂಬ ಅಧಿಕಾರಿಯ ಹೆಸರನ್ನು ಉಳಿಸಿಕೊಂಡಿವೆ. ಬೆಂಗಳೂರಿನ ಹೆಸರು ಮೊದಲಿಗೆ ಕಾಣಿಸಿಕೊಳ್ಳುವ ಸುಮಾರು ಕ್ರಿ.ಶ. 890ರ ವೀರಗಲ್ಲು ಅದೇ ಊರಿನದು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಸಾಮಾನ್ಯ ಓದುಗರು ಗಮನಿಸುವುದು ಕಡಿಮೆ: ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ವಿಷಯವೂ ಬೇಗೂರಿನ ಶಾಸನದಲ್ಲಿ ದಾಖಲಾಗಿದೆ. ದೇಹವನ್ನೂ ಬಂಧುತ್ವವನ್ನೂ ಬಿಟ್ಟುಕೊಡುವುದೇ ಸಲ್ಲೇಖನದ ಅರ್ಥ. ಆದರೆ ಆ ತ್ಯಾಗವನ್ನು ಕಲ್ಲಿನಲ್ಲಿ ಬರೆಯುವಾಗ ಆಕೆ ಇಂಥವನ ಮಗಳು ಎಂದು ಹೇಳದೆ ವಿಧಿಯಿರಲಿಲ್ಲ.

ಈ ವಿರೋಧಾಭಾಸ ಜೈನರಿಗೆ ಮಾತ್ರ ಸೇರಿದ್ದಲ್ಲ. ರಕ್ತಸಂಬಂಧವನ್ನು ಮೀರಿದ್ದೇವೆಂದು ಸಾರಿದ ಧರ್ಮಗಳೆಲ್ಲ ವಂಶಾವಳಿಗಳನ್ನು ಬರೆದಿವೆ. ಕ್ರೈಸ್ತಧರ್ಮದಲ್ಲಿ ಇದು ಅತ್ಯಂತ ಎದ್ದು ಕಾಣುತ್ತದೆ. ಹೊಸ ಒಡಂಬಡಿಕೆಯ ಮೊದಲ ಪುಟವನ್ನು ತೆರೆದವನಿಗೆ ಎದುರಾಗುವುದು ಉಪದೇಶವಲ್ಲ, ಪವಾಡವಲ್ಲ, ಹೆಸರುಗಳ ಸಾಲು. ಅಬ್ರಹಾಮನಿಂದ ಇಸಾಕ, ಇಸಾಕನಿಂದ ಯಾಕೋಬ ಎಂದು ನಡೆಯುವ ಆ ಪಟ್ಟಿಯನ್ನು ಭಕ್ತರೇ ದಾಟಿಹೋಗುವುದುಂಟು. ಶಾಸನಗಳ ಪ್ರಶಸ್ತಿಭಾಗವನ್ನು ಓದಿ ಅಭ್ಯಾಸವಿರುವ ಕನ್ನಡದ ವಿದ್ಯಾರ್ಥಿ ಹಾಗೆ ದಾಟಬಾರದು. ಶಾಸನದಲ್ಲಿ ದಾನದ ವಿವರಕ್ಕಿಂತ ಮೊದಲು ಬರುವ ವಂಶವರ್ಣನೆ ದಾನಕ್ಕೆ ಅಧಿಕಾರವನ್ನು ಕೊಡುತ್ತದೆ. ಮತ್ತಾಯನ ಪಟ್ಟಿಯೂ ಅಂಥದೇ ಕೆಲಸ ಮಾಡುತ್ತದೆ, ಆದರೆ ನೇರವಾಗಿ ಅಲ್ಲ.

ಬೈಬಲ್ಲಿನ ವಂಶಾವಳಿಗಳೆಲ್ಲ ಒಂದೇ ಬಗೆಯವಲ್ಲ. ಆದಿಕಾಂಡದಲ್ಲಿ 'ತೋಲೆದೋತ್' ಎಂಬ ಹೀಬ್ರೂ ಪದದಿಂದ ಆರಂಭವಾಗುವ ವಂಶಕಥನಗಳು ಇಡೀ ಗ್ರಂಥದ ಚೌಕಟ್ಟನ್ನೇ ಕಟ್ಟುತ್ತವೆ. ಸೃಷ್ಟಿಯ ಕಥೆಯಿಂದ ಒಂದು ಕುಟುಂಬದ ಕಥೆಗೆ ಇಳಿಯುವ ಮೆಟ್ಟಿಲುಗಳವು. ಅವುಗಳಲ್ಲಿನ ಆಯುಷ್ಯದ ಸಂಖ್ಯೆಗಳನ್ನು ಕೂಡಿಸಿ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಜಗತ್ತು ಕ್ರಿ.ಪೂ. 4004ರಲ್ಲಿ ಸೃಷ್ಟಿಯಾಯಿತೆಂದು ಲೆಕ್ಕ ಹಾಕಿದ. ವಂಶಾವಳಿಯನ್ನು ಪಂಚಾಂಗವೆಂದು ಓದಿದರೆ ಆಗುವ ಅನರ್ಥಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಡ. ಪೂರ್ವಕಾಲವೃತ್ತಾಂತದ ಮೊದಲ ಗ್ರಂಥ ಒಂಬತ್ತು ಅಧ್ಯಾಯಗಳನ್ನು ಹೆಸರುಗಳಿಗೇ ಮೀಸಲಿಟ್ಟಿದೆ. ಬಾಬಿಲೋನಿನ ಸೆರೆಯಿಂದ ಮರಳಿದ ಜನಕ್ಕೆ ನೆಲ, ದೇವಾಲಯ, ಅರಸು ಮೂರೂ ಹೋಗಿದ್ದವು. ಉಳಿದದ್ದು ಹೆಸರುಗಳ ನೆನಪು. ಆ ನೆನಪಿನ ಬೆಲೆ ಎಷ್ಟಿತ್ತೆಂಬುದಕ್ಕೆ ಎಜ್ರನ ಗ್ರಂಥದ ಎರಡನೆಯ ಅಧ್ಯಾಯ ಸಾಕ್ಷಿ. ಕೆಲವು ಯಾಜಕ ಕುಟುಂಬಗಳು ತಮ್ಮ ವಂಶಪತ್ರಗಳನ್ನು ಹುಡುಕಿ ಸಿಗದಾದಾಗ ಅವರನ್ನು ಯಾಜಕತ್ವದಿಂದ ಹೊರಗಿಡಲಾಯಿತು. ದಾಖಲೆಯಿಲ್ಲದವನಿಗೆ ಪೂಜಾಧಿಕಾರವಿಲ್ಲ ಎಂಬ ಈ ತೀರ್ಮಾನ ಎಷ್ಟು ಕಠೋರವೋ ಅಷ್ಟೇ ಪರಿಚಿತ. ಆ ಕುಟುಂಬಗಳಲ್ಲಿ ಒಂದರ ಮೂಲಪುರುಷ ಗಿಲ್ಯಾದಿನ ಬರ್ಜಿಲ್ಲೈಯ ಮಗಳನ್ನು ಮದುವೆಯಾಗಿ ಹೆಂಡತಿಯ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದನೆಂದು ಅಲ್ಲಿಯೇ ಹೇಳಿದೆ. ಅಳಿಯಸಂತಾನದ ಪದ್ಧತಿಯನ್ನು ಬಲ್ಲ ತುಳುನಾಡಿನ ಓದುಗರಿಗೆ ಈ ಒಂದು ವಾಕ್ಯ ತಡೆದು ನಿಲ್ಲಿಸುವಂಥದು.

ಯೇಸುವಿನ ಕಾಲದ ಹೊತ್ತಿಗೆ ವಂಶದಾಖಲೆ ಸಾಮಾಜಿಕ ಅಸ್ತ್ರವೂ ಆಗಿತ್ತು. ಇತಿಹಾಸಕಾರ ಜೋಸೆಫಸ್ ತನ್ನ ಆತ್ಮಚರಿತ್ರೆಯನ್ನು ಆರಂಭಿಸುವುದೇ ಸಾರ್ವಜನಿಕ ದಾಖಲೆಗಳಿಂದ ತೆಗೆದ ವಂಶವಿವರಣೆಯಿಂದ. ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಹೇಳುವ ಒಂದು ವಾರ್ತೆಯನ್ನು ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ: ತನ್ನ ಹೀನಮೂಲ ಬಯಲಾಗದಿರಲೆಂದು ಹೆರೋದ ಅರಸ ವಂಶಪತ್ರಗಳನ್ನು ಸುಡಿಸಿದನಂತೆ. ವಾರ್ತೆ ನಿಜವೋ ಕಟ್ಟುಕಥೆಯೋ, ಅದು ಹುಟ್ಟಿಕೊಂಡ ಮನೋಧರ್ಮ ಮಾತ್ರ ನಿಜ.

ಇಂಥ ಸಮಾಜದಲ್ಲಿ ಕುಳಿತು ಮತ್ತಾಯ ಬರೆಯುತ್ತಾನೆ. ಯೇಸು ವಾಗ್ದಾನದ ಮಗನೆಂದು ತೋರಿಸಬೇಕಾದರೆ ಅವನು ಅಬ್ರಹಾಮನ ಕುಲದವನಾಗಬೇಕು. ಅಭಿಷಿಕ್ತನೆಂದು ತೋರಿಸಬೇಕಾದರೆ ದಾವೀದನ ಕುಲದವನಾಗಬೇಕು. ಆದ್ದರಿಂದ ಪಟ್ಟಿಯನ್ನು ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಮೂರು ಗುಂಪುಗಳಾಗಿ ಕಟ್ಟುತ್ತಾನೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಬೆಲೆಯುಂಟು. ದಾವೀದ ಎಂಬ ಹೆಸರಿನ ಮೂರು ಅಕ್ಷರಗಳ ಮೊತ್ತ ಹದಿನಾಲ್ಕು. ಈ ವಿನ್ಯಾಸಕ್ಕಾಗಿ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಅವನು ಕೈಬಿಟ್ಟಿದ್ದಾನೆ. ಮೂರನೆಯ ಗುಂಪಿನ ಹೆಸರುಗಳನ್ನು ಎಣಿಸಿದರೆ ಹದಿಮೂರೇ ಸಿಗುತ್ತವೆ. ಇದನ್ನು ದೋಷವೆಂದು ಎತ್ತಿ ಹಿಡಿಯುವವರು 1009ರ ಕೌಠೇಂ ತಾಮ್ರಪಟವನ್ನು ನೋಡಬೇಕು. ಅಲ್ಲಿ ಕಲ್ಯಾಣ ಚಾಲುಕ್ಯರ ಪೂರ್ವಿಕರಾಗಿ 59 ಅರಸರು ಅಯೋಧ್ಯೆಯಲ್ಲಿಯೂ ಬಳಿಕ 16 ಮಂದಿ ದಕ್ಷಿಣಾಪಥದಲ್ಲಿಯೂ ಆಳಿದರೆಂಬ ಲೆಕ್ಕವಿದೆ. ಬಾದಾಮಿಯ ಚಾಲುಕ್ಯರಿಗೆ ಈ ಅಯೋಧ್ಯೆಯ ನೆನಪೇ ಇರಲಿಲ್ಲ. ಮಾನವ್ಯ ಗೋತ್ರ, ಹಾರೀತಿಪುತ್ರತ್ವಗಳಷ್ಟೇ ಅವರಿಗೆ ಸಾಕಾಗಿದ್ದವು. ವಂಶಾವಳಿ ಭೂತಕಾಲವನ್ನು ಕುರಿತು ಬರೆದ ವರ್ತಮಾನದ ಹೇಳಿಕೆ. ರಾಬರ್ಟ್ ವಿಲ್ಸನ್ 1977ರ ತಮ್ಮ ಅಧ್ಯಯನದಲ್ಲಿ ಆಫ್ರಿಕದ ಬುಡಕಟ್ಟುಗಳ ಮೌಖಿಕ ವಂಶಾವಳಿಗಳನ್ನೂ ಪ್ರಾಚೀನ ಪಶ್ಚಿಮ ಏಷ್ಯದ ದಾಖಲೆಗಳನ್ನೂ ಬೈಬಲ್ಲಿನೊಡನೆ ಇಟ್ಟು ತೋರಿಸಿದ್ದೂ ಇದನ್ನೇ: ಹೆಸರುಗಳು ಬಳಕೆಗೆ ತಕ್ಕಂತೆ ಸೇರುತ್ತವೆ, ಜಾರುತ್ತವೆ.

(ಜಿನಸೇನರ ಮಹಾಪುರಾಣದಲ್ಲಿ ನಾಭಿರಾಜನವರೆಗೆ ಹದಿನಾಲ್ಕು ಕುಲಕರರು ಬರುತ್ತಾರೆ. ಹದಿನಾಲ್ಕು ಎಂಬ ಸಂಖ್ಯೆ ಎರಡೂ ಕಡೆ ಇರುವುದರಿಂದ ಒಂದಕ್ಕೊಂದು ಸಂಬಂಧ ಕಲ್ಪಿಸುವ ಉತ್ಸಾಹ ಯಾರಿಗಾದರೂ ಬಂದೀತು. ಅದು ಕಾಕತಾಳೀಯ, ಅದರ ಮೇಲೆ ಪ್ರಬಂಧ ಬರೆಯುವುದು ಬೇಡ.)

ಮತ್ತಾಯನ ಪಟ್ಟಿಯ ನಿಜವಾದ ವಿಶೇಷ ಅದರ ಸಂಖ್ಯೆಯಲ್ಲಿಲ್ಲ, ಬಿರುಕುಗಳಲ್ಲಿದೆ. ತಂದೆಯಿಂದ ಮಗನಿಗೆ ಸಾಗುವ ಸಾಲಿನ ನಡುವೆ ನಾಲ್ವರು ಹೆಂಗಸರು ಬರುತ್ತಾರೆ. ಸಾರಳಾಗಲಿ ರೆಬೆಕ್ಕಳಾಗಲಿ ರಾಹೇಲಳಾಗಲಿ ಅಲ್ಲ; ಹೆಮ್ಮೆಯಿಂದ ಹೇಳಿಕೊಳ್ಳಬಹುದಾಗಿದ್ದ ಮಾತೆಯರನ್ನು ಬಿಟ್ಟು ಮತ್ತಾಯ ಆರಿಸಿಕೊಂಡದ್ದು ಮುಚ್ಚಿಡಬಹುದಾಗಿದ್ದವರನ್ನು. ತಾಮಾರಳು ಮಾವನಾದ ಯೂದನಿಂದಲೇ ಮಕ್ಕಳನ್ನು ಪಡೆದವಳು. ರಹಾಬಳು ಯೆರಿಕೋ ಪಟ್ಟಣದ ವೇಶ್ಯೆ. ರೂತಳು ಮೋವಾಬ್ ದೇಶದವಳು. ನಾಲ್ಕನೆಯವಳಿಗೆ ಹೆಸರೇ ಇಲ್ಲ. ಊರೀಯನ ಹೆಂಡತಿ ಎಂದಷ್ಟೇ ಇದೆ. ಬತ್ಷೆಬೆಯ ಹೆಸರನ್ನು ಮರೆಸಿ ಆಕೆಯ ಮೊದಲ ಗಂಡನ ಹೆಸರನ್ನು ಬರೆದದ್ದರಿಂದ ದಾವೀದ ಕೊಲ್ಲಿಸಿದ ಹಿತ್ತೀಯ ಯೋಧನೂ ದಾವೀದನ ವಂಶಾವಳಿಯೊಳಗೆ ಬಂದು ಕುಳಿತ. ಯಾವ ರಾಜಪ್ರಶಸ್ತಿಯ ಕವಿಯೂ ತನ್ನ ದೊರೆಯ ಬಗ್ಗೆ ಹೀಗೆ ಬರೆದು ಬದುಕಲಾರ.

ಇವರಲ್ಲಿ ರೂತಳ ಸ್ಥಾನವನ್ನು ಬಿಡಿಸಿ ನೋಡಬೇಕು. ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯದ ವಿಧಿಯ ಪ್ರಕಾರ ಮೋವಾಬ್ಯರಿಗೆ ಹತ್ತನೆಯ ತಲೆಮಾರಿನವರೆಗೂ ದೇವರ ಸಭೆಯಲ್ಲಿ ಪ್ರವೇಶವಿಲ್ಲ. ರೂತಳ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ. ಹತ್ತು ತಲೆಮಾರು ಬೇಕಾಗಲಿಲ್ಲ. ಮೂರನೆಯದರಲ್ಲಿ ಸಿಂಹಾಸನವೇ ದೊರೆಯಿತು. ನಿಯಮವೂ ಅದರ ಉಲ್ಲಂಘನೆಯೂ ಒಂದೇ ಗ್ರಂಥಸಮುಚ್ಚಯದಲ್ಲಿ ಉಳಿದುಬಂದಿವೆ. ಮತ್ತಾಯ ಉಲ್ಲಂಘನೆಯ ಪಕ್ಷವನ್ನು ವಹಿಸಿದ. ರೇಮಂಡ್ ಬ್ರೌನ್ ಮೊದಲಾದ ವಿದ್ವಾಂಸರು ಈ ನಾಲ್ವರ ಆಯ್ಕೆಗೆ ಬೇರೆ ಬೇರೆ ಕಾರಣಗಳನ್ನು ಚರ್ಚಿಸಿದ್ದಾರೆ: ಪಾಪಿಗಳೆಂದೋ, ಅನ್ಯಜನರೆಂದೋ, ಲೋಕವಿಲಕ್ಷಣ ದಾಂಪತ್ಯದವರೆಂದೋ. ಮೂರನೆಯ ಕಾರಣ ಹೆಚ್ಚು ಒಪ್ಪತಕ್ಕದ್ದು. ಏಕೆಂದರೆ ಪಟ್ಟಿಯ ತುದಿಯಲ್ಲಿ ಐದನೆಯ ಹೆಂಗಸು ನಿಂತಿದ್ದಾಳೆ.

ಗ್ರೀಕ್ ಮೂಲದಲ್ಲಿ ಇಂಥವನು ಇಂಥವನನ್ನು ಹುಟ್ಟಿಸಿದನು ಎಂಬ ಅರ್ಥದ ಕರ್ತರಿ ಕ್ರಿಯಾಪದ ಮೂವತ್ತೊಂಬತ್ತು ಸಲ ಬರುತ್ತದೆ. ನಲ್ವತ್ತನೆಯ ಸಲ ಓದುಗ ಯೋಸೇಫನ ಹೆಸರಿನ ಬಳಿಕ ಅದನ್ನೇ ನಿರೀಕ್ಷಿಸುತ್ತಾನೆ. ಅಲ್ಲಿ ವ್ಯಾಕರಣ ಬದಲಾಗುತ್ತದೆ. ಯೋಸೇಫ ಮರಿಯಳ ಗಂಡ. ಅವಳಲ್ಲಿ ಯೇಸು ಹುಟ್ಟಿದ. ಕ್ರಿಯಾಪದ ಕರ್ಮಣಿಗೆ ಹೊರಳಿತು, ತಂದೆಯ ಕರ್ತೃತ್ವ ಇಲ್ಲವಾಯಿತು. ಅಷ್ಟು ತಲೆಮಾರುಗಳ ಸರಪಳಿಯನ್ನು ಕಷ್ಟಪಟ್ಟು ಜೋಡಿಸಿದವನು ಕೊನೆಯ ಕೊಂಡಿಯನ್ನು ತಾನೇ ಕಳಚಿದ್ದಾನೆ. ಹಾಗಾದರೆ ಪಟ್ಟಿಯ ಪ್ರಯೋಜನವೇನು? ಉತ್ತರ ಅದೇ ಅಧ್ಯಾಯದ ಮುಂದಿನ ಭಾಗದಲ್ಲಿದೆ: ಮಗುವಿಗೆ ಹೆಸರಿಡುವವನು ಯೋಸೇಫ. ಹೆಸರಿಟ್ಟು ತನ್ನವನೆಂದು ಒಪ್ಪಿಕೊಂಡದ್ದರಿಂದ ದಾವೀದನ ಕುಲ ಯೇಸುವಿಗೆ ಸಲ್ಲುತ್ತದೆ. ದತ್ತುಸ್ವೀಕಾರದಿಂದ ವಂಶ ಮುಂದುವರಿಯುವುದನ್ನು ಧರ್ಮಶಾಸ್ತ್ರದಲ್ಲಿಯೂ ಸಂಸ್ಥಾನಗಳ ಚರಿತ್ರೆಯಲ್ಲಿಯೂ ಕಂಡಿರುವ ನಮಗೆ ಇದು ಒಗಟಲ್ಲ. ಕ್ರೈಸ್ತವಿಶ್ವಾಸದ ಕೇಂದ್ರವ್ಯಕ್ತಿ ಅಂಗೀಕಾರದಿಂದ ಕುಲವನ್ನು ಪಡೆದವನು ಎಂಬುದೇ ಮುಖ್ಯ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅನ್ಯಜನರನ್ನು ಕಸಿ ಮಾಡಿದ ಕಾಡು ಎಣ್ಣೆಮರದ ಕೊಂಬೆಗೆ ಹೋಲಿಸಿ, ವಿಶ್ವಾಸಿಗಳನ್ನು ದತ್ತುಪುತ್ರರೆಂದು ಕರೆಯುವಾಗ ಅವನ ತರ್ಕ ನಿಂತಿರುವುದು ಇಂಥದೇ ನೆಲೆಯ ಮೇಲೆ. ವಂಶಾವಳಿ ಅಖಂಡವಾಗಿದ್ದಿದ್ದರೆ ಮಂಗಳೂರಿನಲ್ಲಿಯೋ ಬಳ್ಳಾರಿಯಲ್ಲಿಯೋ ದೀಕ್ಷಾಸ್ನಾನ ಪಡೆದವನಿಗೆ ಅದರೊಳಗೆ ಹೊಗಲು ದಾರಿಯೇ ಇರುತ್ತಿರಲಿಲ್ಲ.

ಲೂಕನ ಪಟ್ಟಿ ಇನ್ನೊಂದು ದಿಕ್ಕಿನದು. ಅದು ಯೇಸುವಿನಿಂದ ಹಿಂದಕ್ಕೆ ಏರುತ್ತ ಅಬ್ರಹಾಮನನ್ನು ದಾಟಿ ಆದಾಮನನ್ನೂ ದೇವರನ್ನೂ ಮುಟ್ಟುತ್ತದೆ. ಯೋಸೇಫನ ತಂದೆ ಮತ್ತಾಯನಲ್ಲಿ ಯಾಕೋಬ, ಲೂಕನಲ್ಲಿ ಹೇಲೀ. ಈ ವ್ಯತ್ಯಾಸವನ್ನು ಆಫ್ರಿಕಾನಸ್ ಮೈದುನಧರ್ಮದ ಮೂಲಕ, ಎಂದರೆ ಮಕ್ಕಳಿಲ್ಲದೆ ಸತ್ತವನ ಹೆಸರಿನಲ್ಲಿ ಸಹೋದರ ಸಂತಾನ ಪಡೆಯುವ ಪದ್ಧತಿಯ ಮೂಲಕ ವಿವರಿಸಿದ. ಹದಿನೈದನೆಯ ಶತಮಾನದಿಂದ ಈಚೆಗೆ ಲೂಕನದು ಮರಿಯಳ ಕಡೆಯ ವಂಶವೆಂಬ ವಾದ ಪ್ರಚಾರಕ್ಕೆ ಬಂತು. ಎರಡೂ ಪಾಂಡಿತ್ಯದ ಹೊಲಿಗೆಗಳು. ಸುವಾರ್ತಾಕಾರರಿಬ್ಬರಿಗೂ ಬೇರೆ ಬೇರೆ ಉದ್ದೇಶಗಳಿದ್ದವೆಂದು ಒಪ್ಪಿಕೊಂಡರೆ ಹೊಲಿಗೆ ಬೇಕಾಗುವುದಿಲ್ಲ. ಅಲ್ಲದೆ ಹೊಸ ಒಡಂಬಡಿಕೆಯೊಳಗೇ ವಂಶಾವಳಿಯ ಬಗೆಗೆ ಬೇಸರವೂ ಉಂಟು. ತಿಮೊಥೆಯನಿಗೆ ಬರೆದ ಮೊದಲ ಪತ್ರ ಕೊನೆಯಿಲ್ಲದ ವಂಶಾವಳಿಗಳ ಗೊಡವೆ ಬೇಡವೆನ್ನುತ್ತದೆ. ಇಬ್ರಿಯರಿಗೆ ಬರೆದ ಪತ್ರ ಯೇಸುವಿನ ಯಾಜಕತ್ವವನ್ನು ತಂದೆತಾಯಿಗಳ ದಾಖಲೆಯಿಲ್ಲದ ಮೆಲ್ಕಿಜೆದೇಕನಿಗೆ ಹೋಲಿಸುತ್ತದೆ. ಎಜ್ರನ ಕಾಲದಲ್ಲಿ ಅನರ್ಹತೆಯಾಗಿದ್ದದ್ದು ಇಲ್ಲಿ ಹಿರಿಮೆಯ ಗುರುತಾಯಿತು.

ಈ ಪಟ್ಟಿಗಳು ಕನ್ನಡಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದದ ಕೆಲಸಕ್ಕೆ ತೊಡಗಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿ ಮತ್ತಾಯನ ಮೊದಲ ಅಧ್ಯಾಯಕ್ಕೆ 'ವಂಶಾವಳಿ' ಎಂಬ ಪದವೇ ನಿಂತಿದೆ. ಅರಮನೆಯ ಬಖೈರುಗಳಿಗೂ ರಾಜಚರಿತ್ರೆಗಳಿಗೂ ಸಲ್ಲುತ್ತಿದ್ದ ಪದವನ್ನು ಬಡಗಿಯ ಮನೆಯವನಿಗೆ ಬಳಸಿದಾಗ ಆ ಪದಕ್ಕೆ ಹೊಸ ಭಾರ ಬಿತ್ತು. ಕನ್ನಡಕ್ಕೆ ಇನ್ನೊಂದು ಪದವೂ ಇತ್ತು: ಅನ್ವಯ. ಅದು ರಕ್ತದ ಸಾಲಿಗೂ ವಿದ್ಯೆಯ ಸಾಲಿಗೂ ಸಮನಾಗಿ ಸಲ್ಲುತ್ತದೆ. ಮೂಲಸಂಘ, ದೇಸಿಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯ ಎಂಬ ಸರಣಿ ನೂರಾರು ಜೈನಶಾಸನಗಳಲ್ಲಿ ಬರುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ, ಸುಮಾರು ಕ್ರಿ.ಶ. 600ರ ಶಾಸನ ಗೌತಮನಿಂದ ಭದ್ರಬಾಹುವಿನವರೆಗೆ ಗುರುಗಳನ್ನು ಹೆಸರಿಸುತ್ತದೆ. ಅಲ್ಲಿ ಒಬ್ಬನು ಇನ್ನೊಬ್ಬನ ಮಗನಲ್ಲ, ಶಿಷ್ಯ. ಮಗನಲ್ಲದವನು ವಾರಸುದಾರನಾಗುವ ವಿಧಾನವನ್ನು ಈ ನಾಡು ಹೀಗೆ ಬಹಳ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿತ್ತು.

ಆದರೂ ಧರ್ಮ ಬದಲಾದಾಗ ಕುಲದ ಹೆಸರು ಏನಾಗಬೇಕೆಂಬ ಪ್ರಶ್ನೆ ಸುಲಭವಾಗಿ ಬಗೆಹರಿಯುವುದಿಲ್ಲ. ಇದಕ್ಕೆ ಕನ್ನಡದ ಅತ್ಯಂತ ದೊಡ್ಡ ಸಾಕ್ಷಿ ಪಂಪ. ವಿಕ್ರಮಾರ್ಜುನವಿಜಯದಲ್ಲಿ ಅವನು ತನ್ನ ವಂಶವನ್ನು ಮಾಧವ ಸೋಮಯಾಜಿಯಿಂದ ಆರಂಭಿಸುತ್ತಾನೆ. ಆ ಪೂರ್ವಿಕನ ಯಾಗದ ಹೊಗೆ ಅವನ ಬೆಳ್ಳಗಿನ ಕೀರ್ತಿಗೆ ಕಪ್ಪು ಹಿಡಿಸಿತೆಂದು ಜೈನನಾದ ಪಂಪ ವಿಷಾದಿಸುತ್ತಾನೆ. ಆದರೆ ಹೆಸರನ್ನು ಅಳಿಸುವುದಿಲ್ಲ. ತಂದೆ ಅಭಿರಾಮದೇವರಾಯ ಜಿನಧರ್ಮವನ್ನು ಸ್ವೀಕರಿಸಿದ್ದನ್ನೂ ಅಲ್ಲಿಯೇ ಹೇಳುತ್ತಾನೆ. ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲಿಯೂ ಬರೆಸಿದ ಶಾಸನದಲ್ಲಿ ಜಿನಬಿಂಬಗಳನ್ನು ಮಾಡಿಸಿದ ವಿಷಯದ ಜೊತೆಗೆ ಶ್ರೀವತ್ಸ ಗೋತ್ರದ ಉಲ್ಲೇಖವೂ ಇದೆ. ಧರ್ಮ ಬದಲಾಯಿತು, ಗೋತ್ರ ಉಳಿಯಿತು. ಅದೇ ಶಾಸನ ತಾಯಿ ಅಬ್ಬಣಬ್ಬೆಯನ್ನು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಗುರುತಿಸಿದ್ದರಿಂದ ಪಂಪನಿಗೂ ಅಣ್ಣಿಗೇರಿಗೂ ಇರುವ ನಂಟು ಸಾಹಿತ್ಯಚರಿತ್ರೆಗೆ ತಿಳಿಯಿತು. ತಂದೆಯ ಸಾಲನ್ನಷ್ಟೇ ಬರೆದಿದ್ದರೆ ಆ ಎಳೆ ಸಿಗುತ್ತಿರಲಿಲ್ಲ. ಕೇಶಿರಾಜನೂ ಹಾಗೆಯೇ: ಮಲ್ಲಿಕಾರ್ಜುನನ ಮಗನೆನ್ನುವುದರ ಜೊತೆಗೆ ಸುಮನೋಬಾಣನ ಮಗಳ ಮಗ, ಜನ್ನನ ಸೋದರಳಿಯ ಎಂದು ತಾಯಿಯ ಕಡೆಯಿಂದಲೂ ತನ್ನನ್ನು ಗುರುತಿಸಿಕೊಳ್ಳುತ್ತಾನೆ. ಅವನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದವರು ಬಾಸೆಲ್ ಮಿಷನ್ನಿನ ಕಿಟ್ಟೆಲ್.

ಪಂಪನ ತಂದೆಯ ಪ್ರಸಂಗ ಒಂಬತ್ತು ಶತಮಾನಗಳ ಬಳಿಕ ಅದೇ ಬಾಸೆಲ್ ಮಿಷನ್ನಿನ ಮಂಗಳೂರಿನಲ್ಲಿ ಮತ್ತೊಮ್ಮೆ ನಡೆದಂತಾಯಿತು. 1844ರಲ್ಲಿ ಆನಂದರಾಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಹೆರ್ಮನ್ ಮೊಗ್ಲಿಂಗರ ಪ್ರಭಾವದಿಂದ ದೀಕ್ಷಾಸ್ನಾನ ಪಡೆದ. ಗುರುವಿನ ಹೆಸರು ಅವನ ಹೆಸರಿನ ಮುಂದೆ ಬಂತು. ಹಿಂದೆ ಕೌಂಡಿನ್ಯ ಎಂಬ ಋಷಿಗೋತ್ರದ ಹೆಸರು ಹಾಗೆಯೇ ನಿಂತಿತು. 1846ರಲ್ಲಿ ಮೊಗ್ಲಿಂಗರೊಡನೆ ಬಾಸೆಲ್ಲಿಗೆ ಹೋಗಿ ಓದಿ, ಸಭಾಪಾಲಕನಾಗಿ 1851ರಲ್ಲಿ ಮರಳಿದ ಹೆರ್ಮನ್ ಆನಂದರಾವ್ ಕೌಂಡಿನ್ಯ 1893ರವರೆಗೂ ಆ ಹೆಸರಿನಲ್ಲಿಯೇ ಬಾಳಿದ. ಮೊದಲ ಹೆಸರಿನಲ್ಲಿ ಕಸಿ, ಕೊನೆಯ ಹೆಸರಿನಲ್ಲಿ ಬೇರು. ಅವನನ್ನು ಅರೆಮನಸ್ಸಿನವನೆಂದು ದೂರುವುದು ಅನ್ಯಾಯ. ಜಿನವಲ್ಲಭನಿಗೆ ಶ್ರೀವತ್ಸ ಗೋತ್ರ ಅಡ್ಡಿಯಾಗಲಿಲ್ಲವಾದರೆ ಕೌಂಡಿನ್ಯನಿಗೂ ಆಗಬೇಕಾಗಿಲ್ಲ.

ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಇದು ಇನ್ನೂ ವ್ಯಾಪಕ. ಗೋವೆಯಿಂದ ಬಂದ ಕುಟುಂಬಗಳು ಪೋರ್ಚುಗೀಸ್ ಉಪನಾಮದ ಬೆನ್ನಿಗೆ ಹಳೆಯ ಪ್ರಭು, ಶೇಟ್ ಮುಂತಾದ ಹೆಸರುಗಳನ್ನು ನೆನಪಿನಲ್ಲಿಟ್ಟುಕೊಂಡಿವೆ. ಐಸಿಎಸ್ ಅಧಿಕಾರಿಯಾಗಿದ್ದು ಮುಂದೆ ಲೋಕಸಭೆಗೆ ಆಯ್ಕೆಯಾದ ಜೆ. ಎಂ. ಲೋಬೋ ಪ್ರಭು ಅವರ ಹೆಸರಿನಲ್ಲಿ ಎರಡೂ ಒಟ್ಟಿಗೆ ಉಳಿದಿದ್ದವು. ಬ್ರಾಹ್ಮಣಮೂಲದ ಬಾಮೊಣ್, ಕ್ಷತ್ರಿಯಮೂಲದ ಚಾರೊಡಿ ಎಂಬ ವಿಭಾಗಗಳೂ ಉಳಿದವು, ಮದುವೆಯ ಮಾತುಕತೆಗಳಲ್ಲಿ ವಿಶೇಷವಾಗಿ. ರೂತಳಿಗೆ ಮೂರೇ ತಲೆಮಾರು ಸಾಕಾಗಿತ್ತು. ಇಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ತಲೆಮಾರುಗಳು ಕಳೆದಿವೆ. ಜೈನಸಮಾಜ ಈ ವಿಷಯದಲ್ಲಿ ಬೇರೆಯವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲವೆಂಬುದನ್ನೂ ಹೇಳಬೇಕು. ಹುಟ್ಟಿನಿಂದ ಯಾರೂ ಜಿನನಲ್ಲವೆಂಬ ಸಿದ್ಧಾಂತದ ಪಕ್ಕದಲ್ಲಿಯೇ ಪಂಚಮ, ಚತುರ್ಥ, ಉಪಾಧ್ಯಾಯ ಎಂಬ ಗೆರೆಗಳೂ ಇವೆ.

ಉಳಿಸಿಕೊಳ್ಳಲು ಗೋತ್ರವಿದ್ದವರ ಮಾತಾಯಿತು. ಕೊಡಗಿನಲ್ಲಿ ಮೊಗ್ಲಿಂಗರು 1850ರ ದಶಕದಲ್ಲಿ ಹೊಲೆಯರ ನಡುವೆ ಕೆಲಸ ಮಾಡಿ, ಕ್ರೈಸ್ತರಾದವರಿಗಾಗಿ ಒಂದು ವಸತಿಯನ್ನು ಕಟ್ಟಿದರು. ಆನಂದರಾವ್ ಕೌಂಡಿನ್ಯನ ನೆನಪಿಗೆ ಅದಕ್ಕೆ ಆನಂದಪುರ ಎಂಬ ಹೆಸರು ಬಂತು. ತಲೆತಲಾಂತರದಿಂದ ಒಡೆಯರ ಜಮ್ಮದ ಭೂಮಿಯಲ್ಲಿ ದುಡಿದಿದ್ದ ಆ ಜನರ ಪೂರ್ವಿಕರ ಹೆಸರನ್ನು ಯಾವ ತಾಮ್ರಪಟವೂ ಬರೆದಿರಲಿಲ್ಲ, ಯಾವ ಕವಿಯೂ ಹೊಗಳಿರಲಿಲ್ಲ. ಊರಿನ ಹೆಸರಿನಲ್ಲಿ ಗೋತ್ರವಂತನೊಬ್ಬನ ಹೆಸರು. ಊರೊಳಗೆ ಗೋತ್ರವೆಂದರೇನೆಂದು ಯಾರೂ ಕೇಳದಿದ್ದ ಜನ. ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆ ಇಂಥವನು, ತಾಯಿ ಇಂಥವಳು ಎಂದು ಮಗುವಿನ ಹೆಸರಿನ ಮುಂದೆ ಬರೆದಾಗ ಅಂಥ ಮನೆಗಳಲ್ಲಿ ಲಿಖಿತ ವಂಶಾವಳಿ ಮೊದಲಾಗುತ್ತದೆ. ಎಜ್ರನ ಎದುರು ನಿಂತಿದ್ದರೆ ಅವರ ಬಳಿ ತೋರಿಸಲು ಪತ್ರವಿರುತ್ತಿರಲಿಲ್ಲ.

ಮತ್ತಾಯನ ಪಟ್ಟಿಯ ಮೂರನೆಯ ಗುಂಪಿಗೆ ಇಲ್ಲಿ ಮರಳಬೇಕು. ಮೊದಲೆರಡು ಗುಂಪುಗಳಲ್ಲಿ ಪಿತೃಗಳೂ ಅರಸರೂ ತುಂಬಿದ್ದಾರೆ. ಅವರ ಕಥೆಗಳನ್ನು ಹಳೆಯ ಒಡಂಬಡಿಕೆ ವಿಸ್ತಾರವಾಗಿ ಹೇಳಿದೆ. ಜೆರುಬ್ಬಾಬೆಲನನ್ನು ದಾಟಿದ ಮೇಲೆ ಅಬಿಹೂದನಿಂದ ಯೋಸೇಫನ ತಂದೆ ಯಾಕೋಬನವರೆಗೆ ಒಂಬತ್ತು ಹೆಸರುಗಳು ಬರುತ್ತವೆ. ಈ ಒಂಬತ್ತು ಮಂದಿ ಬೈಬಲ್ಲಿನಲ್ಲಿ ಬೇರೆಲ್ಲಿಯೂ ಇಲ್ಲ. ಅವರು ಆಳಿದ್ದಿಲ್ಲ, ಯುದ್ಧ ಮಾಡಿದ್ದಿಲ್ಲ. ಏನು ಉದ್ಯೋಗ ಮಾಡಿ ಬದುಕಿದರೆಂಬುದನ್ನೂ ಯಾರೂ ಬರೆದಿಡಲಿಲ್ಲ. ಸಿಂಹಾಸನ ಹೋದ ಮೇಲಿನ ಸುಮಾರು ಐದು ಶತಮಾನಗಳನ್ನು ಮತ್ತಾಯ ದಾಟಿದ್ದು ಈ ಅಪರಿಚಿತರ ಹೆಗಲ ಮೇಲೆ. ಕ್ಯಾಥೊಲಿಕ್ ಪೂಜಾಕ್ರಮದಲ್ಲಿ ಪ್ರತಿವರ್ಷ ಡಿಸೆಂಬರ್ 17ರಂದು ಈ ಭಾಗದ ವಾಚನವಿರುತ್ತದೆ. ದಾವೀದ, ಸೊಲೊಮೋನರಿಗೆ ಕೊಟ್ಟಷ್ಟೇ ಉಸಿರನ್ನು ಕೊಟ್ಟು ಆ ಒಂಬತ್ತು ಹೆಸರುಗಳನ್ನೂ ಅಂದು ಗಟ್ಟಿಯಾಗಿ ಓದುತ್ತಾರೆ.